ಬೋಲ್ತೊ ಭಾವನ ಬರಿಬೆರಳು

ನನ್ನ ಅಕ್ಕ ಜುರ್ಜಾ ಸಂತೆಯಲ್ಲಿ ಮೊಟ್ಟೆ ಕೊಂಡರೂ ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡುವವಳು. ಪಾದ್ರಿ ನಕ್ಕು ಮಾತಾಡಿಸಿದರೆ ಈತನಿಗೆ ಏನೋ ಬೇಕಾಗಿದೆ ಎನ್ನುತ್ತಾಳೆ. ದ್ರಾವಾ ನದಿಯ ಈ ಬಯಲಲ್ಲಿ ಅಂಥ ಅನುಮಾನದ ಪ್ರಾಣಿ ಇನ್ನೊಂದು ಹುಟ್ಟಿಲ್ಲ.

ಅವಳ ದೊಡ್ಡ ಅನುಮಾನ ಗಂಡ ಬೋಲ್ತೊನ ಬೆರಳಿನ ಮೇಲೆ. ಭಾವನೂ ನಾನೂ ಊರಾಚೆಯ ಅನಿಲ ಘಟಕದಲ್ಲಿ ಕೆಲಸಕ್ಕಿದ್ದೇವೆ. ನಮ್ಮ ನೆಲದಡಿಯ ಅನಿಲದಲ್ಲಿ ಪಾದರಸವಿದೆ. ಹಾಗೇ ಬಿಟ್ಟರೆ ಅಲ್ಯೂಮಿನಿಯಂ ಕೊಳವೆಗಳನ್ನು ತಿಂದುಹಾಕುತ್ತದೆ, ಮನುಷ್ಯನ ಮೈ ಸೇರಿದರೆ ಕೈನಡುಕ ತರುತ್ತದೆ. ಅದಕ್ಕೇ ಗಂಧಕ ಹಚ್ಚಿದ ಇದ್ದಿಲ ಕಾಳು ತುಂಬಿದ ಗೋಪುರದಲ್ಲಿ ಅನಿಲವನ್ನು ಹಾಯಿಸುತ್ತೇವೆ. ಪಾದರಸವನ್ನು ಕಾಳು ಹಿಡಿದಿಟ್ಟುಕೊಳ್ಳುತ್ತದೆ; ಹೊಟ್ಟೆ ತುಂಬಿದ ಹಳೇ ಕಾಳಿನ ಮೇಲೆ ಮಿಕ್ಕ ಪಾದರಸ ಹಾಗೇ ಕೂತಿರುತ್ತದೆ, ಆಗ ಕಾಳು ಬದಲಾಯಿಸುತ್ತೇವೆ. ಪಾದರಸ ಚಿನ್ನಕ್ಕೂ ಅಂಟುವುದರಿಂದ ಮದುವೆಯುಂಗುರ ಬಿಚ್ಚಿಟ್ಟೇ ಕೆಲಸಕ್ಕಿಳಿಯಬೇಕು. ಭಾವ ಮರೆಗುಳಿ. ಎಷ್ಟೋ ಸಲ ಉಂಗುರವನ್ನು ಅಲ್ಲೇ ಬಿಟ್ಟು ಬರಿಬೆರಳಲ್ಲಿ ಮನೆಗೆ ಬರುತ್ತಿದ್ದರು.

"ಪಾದರಸವಂತೆ! ಅವಳ ಹೆಸ್ರೇನು ಅಂತ ಹೇಳ್ಬಿಡ್ರೀ," ಎನ್ನುತ್ತಿದ್ದಳು ಅಕ್ಕ.

ನಾನು ಬಾಯಿ ಹಾಕಿದರೆ, "ನೀನು ಸುಮ್ನಿರೋ, ನೀನೂ ಅವ್ರ ಕಡೆಯೋನೇ."

ಈ ವರ್ಷ ಅವರ ಮಗಳು ಯೆಲ್ಕಾಳ ಮದುವೆ ಬಂತು. ನಮ್ಮಲ್ಲಿ ಹೆಣ್ಣಿನ ತಂದೆ ತಾನೇ ಬಟ್ಟಿಯಿಳಿಸಿದ ಪ್ಲಮ್ ಸಾರಾಯಿಯನ್ನು ನೆಂಟರಿಗೆ ಸುರಿಯಬೇಕು. ಭಾವನ ಸಾರಾಯಿ ಮಬ್ಬಾಗಿತ್ತು. ಇದ್ದಿಲಲ್ಲಿ ಸೋಸಿದರೆ ತಿಳಿಯಾಗುತ್ತದೆಂದು ಎಲ್ಲರಿಗೂ ಗೊತ್ತು. ಗೋಪುರದ ಕಾಳು ಬದಲಾಯಿಸಿದ ವಾರ ಭಾವ ಒಂದು ಚೀಲ ಕಾಳು ಹೊತ್ತು ತಂದು, ಅದರ ಅರ್ಧದಲ್ಲಿ ಸಾರಾಯಿ ಸೋಸಿಯೇಬಿಟ್ಟರು.

ಅಕ್ಕ ಚೀಲ ಮೂಸಿದಳು. "ಎಲ್ಲಿಂದ್ರೀ ಇದು?"

"ಹೊಸದು ಕಣೆ. ಮಿಕ್ಕಿದ್ದು."

"ನನ್ ಮುಖ ನೋಡ್ಕೊಂಡು ಹೇಳಿ."

ಭಾವ ಗೋಡೆ ನೋಡಿದರು. ಅಕ್ಕ ತನ್ನ ಉಂಗುರ ಬಿಚ್ಚಿ, ಚೀಲದಲ್ಲಿ ಉಳಿದ ಕಾಳಿನೊಳಗೆ ಹುಗಿದಳು. "ಚಿನ್ನಕ್ಕೆ ಅಂಟುತ್ತೆ ಅಂತ ಇಷ್ಟು ವರ್ಷ ಕಿವಿಗೆ ಹೂವಿಟ್ರಲ್ಲ. ಇವತ್ತು ನೋಡೇ ಬಿಡೋಣ."

ಮಧ್ಯಾಹ್ನದ ಊಟವಾದ ಮೇಲೆ ಇಕ್ಕಳದಿಂದ ಹೊರಗೆಳೆದಳು. ಉಂಗುರದ ಒಂದು ಬದಿ ಕಲಾಯಿ ಹಚ್ಚಿದ ಹಾಗೆ ಬೆಳ್ಳಗಾಗಿತ್ತು.

"ಗೋಪುರದ ಬುಡದ್ದು ಕಣೆ," ಎಂದರು ಭಾವ. "ಅನಿಲ ಮೇಲಿಂದ ಇಳಿಯುತ್ತೆ. ಬುಡದ ಕಾಳಿಗೆ ಪಾದರಸ ಮುಟ್ಟಿರಲ್ಲ ಅಂತ, ಕೆಳಗಿನ ಬಾಗಿಲು ತೆಗ್ದಾಗ ಮೊದ್ಲು ಸುರಿದದ್ದನ್ನೇ ತಂದೆ."

"ಅಯ್ಯೋ ಭಾವ!" ಎಂದೆ. "ಜೋಳದ ಕಣಜ ನೋಡಿಲ್ವಾ? ಕೆಳಗೆ ತೆಗೆದ್ರೆ ನಡುವೆ ಕುಸಿದು ಮೇಲಿನದೇ ಮೊದ್ಲು ಬರುತ್ತೆ."

ಅಕ್ಕ ಸಾರಾಯಿಯ ಕೊಡ ಎತ್ತಿ ಅವರ ತಲೆಗೆ ಸುರಿಯುತ್ತಾಳೆ ಎಂದುಕೊಂಡೆ. ಅವಳು ಉಂಗುರವನ್ನೇ ನೋಡುತ್ತ ನಿಂತಿದ್ದಳು.

"ಹಾಗಾದ್ರೆ ಪಾದರಸ ನಿಜಾನೇ," ಎಂದಳು. "ಯಾವಳೂ ಇರ್ಲಿಲ್ವಾ?"

"ನಿನ್ನೊಬ್ಳನ್ನ ಸಂಭಾಳಿಸೋದ್ರಲ್ಲೇ ಸಾಕಾಗಿದೆ ಮಾರಾಯ್ತಿ."

ಅವಳು ನಕ್ಕಳು. ನನಗೂ ಜೀವ ಹಗುರಾಯಿತು. ಮರುಕ್ಷಣವೇ ಅವಳ ನಗು ನಿಂತಿತು.

"ರೀ, ಸೋಸಿದ್ದನ್ನ ಯಾರಾದ್ರೂ ಕುಡಿದ್ರಾ?"

ಭಾವ ತಲೆ ತಗ್ಗಿಸಿದರು. "ನಾನೇ... ರುಚಿ ನೋಡೋಕೆ. ಎರಡ್ಮೂರು ದಿನ."

ಅಕ್ಕ ಅವತ್ತೇ ಅವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಚೀಲವೂ ಸಾರಾಯಿಯೂ ಘಟಕಕ್ಕೆ ವಾಪಸಾದವು. ಮದುವೆಯಲ್ಲಿ ನೆರೆಮನೆಯ ಸಾರಾಯಿ ಸುರಿದು ಭಾವ ಮಾನ ಕಳೆದುಕೊಂಡರು. ಭಾವನ ಮೈಗೆ ಏನೂ ಆಗಿಲ್ಲ ಎಂದಿದ್ದರು ಡಾಕ್ಟರು. ಅಕ್ಕ ಡಾಕ್ಟರನ್ನು ನಂಬುತ್ತಾಳೆಯೇ?

ಈಗ ಭಾವ ಬರಿಬೆರಳಲ್ಲಿ ಬಂದರೂ ಅವಳು ಕೇಳುವುದಿಲ್ಲ. ದಿನಾ ಬೆಳಿಗ್ಗೆ ಕಾಫಿಯನ್ನು ಬಟ್ಟಲಿನ ಅಂಚಿನವರೆಗೆ ತುಂಬಿ ಅವರ ಕೈಗೆ ಕೊಟ್ಟು, ನಡುಗಿ ಚೆಲ್ಲುತ್ತದೆಯೇ ಎಂದು ಅವರ ಬೆರಳುಗಳನ್ನೇ ನೋಡುತ್ತಾಳೆ.