ದಾದಾಪೀರನ ಮಾರಿ ನೋಡಿ ಹತ್ತುವ ದೀಪ

ಗಜೇಂದ್ರಗಡದಲ್ಲಿ ಕರೆಂಟಿನ ಕೆಲಸದ ದಾದಾಪೀರ ರಿಪೇರಿ ಮಾಡಿದ್ದು ಎರಡನೇ ಸಲ ಕೆಡುವುದಿಲ್ಲ ಎಂದು ಜನ ಹೇಳುತ್ತಿದ್ದರು. ಜನಕ್ಕಿಂತ ಹೆಚ್ಚು ದಾದಾಪೀರನೇ ಹೇಳುತ್ತಿದ್ದ, ಅದು ಬೇರೆ ಮಾತು. ಇಪ್ಪತ್ತು ವರ್ಷದ ಆ ಹೆಸರಿಗೆ ಎರಡು ಸಾವಿರದ ನಾಲ್ಕರಲ್ಲಿ ಸಂಚಕಾರ ಬಂದದ್ದು ಸೀರೆ ವ್ಯಾಪಾರಿ ಹಾಲಸಿದ್ದಪ್ಪನವರ ಪಡಸಾಲೆಯಲ್ಲಿ.

ಸಂಜೆಯಾದರೆ ಊರಿನ ವೋಲ್ಟೇಜು ಇಳಿಯುತ್ತದಲ್ಲ, ಅದಕ್ಕೇ ಅವರು ಹುಬ್ಬಳ್ಳಿಯಿಂದ 'ಲೋ ವೋಲ್ಟೇಜ್' ಹ್ಯಾಲೋಜನ್ ದೀಪ ತಂದಿದ್ದರು. "ವೋಲ್ಟೇಜ್ ಎಷ್ಟ ಇಳೀಲಿ, ಝಗಝಗ ಉರೀತಾವ ನೋಡಪಾ!" ಎಂದರು. ಅವು ಹನ್ನೆರಡೇ ವೋಲ್ಟಿನವು, ಕರೆಂಟು ಇಳಿಸಿಕೊಡಲು ಇಟ್ಟಿಗೆ ಗಾತ್ರದ ಟ್ರಾನ್ಸ್‌ಫಾರ್ಮರ್ ಬೇಕು ಎಂದು ತಿಳಿಸಿ ಹೇಳುವಷ್ಟರಲ್ಲಿ ದಾದಾಪೀರನ ಗಂಟಲು ಒಣಗಿತು. ಅಂತೂ ಅದನ್ನು ಶೋಕೇಸಿನ ಮೇಲಿಟ್ಟು ಜೋಡಿಸಿದ.

ಅರ್ಧ ತಾಸು ಉರಿದು ದೀಪ ಆರಿದವು. ದಾದಾಪೀರ ಹೋಗಿ ಸ್ವಿಚ್ಚು ಒತ್ತಿದರೆ ಜಗ್ಗನೆ ಹತ್ತಿದವು! ಅವನು ಹೋದ ಮೇಲೆ ಮತ್ತೆ ಕತ್ತಲು. ಬಲ್ಬು ಬದಲಿಸಿದ, ವೈರು ಬಿಗಿದ, ಟ್ರಾನ್ಸ್‌ಫಾರ್ಮರನ್ನೇ ಬದಲಿಸಿದ. ಊಹೂಂ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಹೂವಪ್ಪ ಹಲ್ಲು ಕಿರಿದ: "ಆ ಲೈಟು ನಿನ್ನ ಮಾರಿ ನೋಡಿದ್ರಷ್ಟ ಹತ್ತತಾವಂತಲ್ಲೋ? ಅಲ್ಲೇ ಮುಕ್ಕಾಂ ಮಾಡಿಬಿಡು!" ದಾದಾಪೀರನಿಗೆ ಚಹಾ ಕಹಿಯಾಯಿತು. ಹೋಯಿತು, ಗಳಿಸಿದ ಹೆಸರೆಲ್ಲ ಮಣ್ಣುಪಾಲು!

ನಾಲ್ಕನೇ ಸಲ ನೋಡಿ ಹೊರಟವನು ಟೆಸ್ಟರ್ ಮರೆತು ತಿರುಗಿ ಬಂದ. ಹಾಲಸಿದ್ದಪ್ಪನವರ ಹೆಂಡತಿ ಶೇಖವ್ವ ಸ್ಟೂಲು ಹತ್ತಿ, ಒಳಗೆ ಹತ್ತಿ ತುಂಬಿ ಅಂಚಿಗೆ ಕುಚ್ಚು ಕಟ್ಟಿದ ಕವರನ್ನು ಟ್ರಾನ್ಸ್‌ಫಾರ್ಮರಿಗೆ ತೊಡಿಸುತ್ತಿದ್ದರು. ಆ ಮನೆಯಲ್ಲಿ ಟಿವಿಗೆ, ಮಿಕ್ಸಿಗೆ, ಫೋನಿಗೆ ಎಲ್ಲಕ್ಕೂ ಅವರು ಹೊಲಿದ ಕವರೇ.

"ಅವ್ವಾರ! ಕಾವು ಹೆಚ್ಚಾದ್ರ ತಾನ ಬಂದ್ ಆಗತೈತ್ರಿ ಅದು, ತಣ್ಣಗಾದ್ರ ಮತ್ತ ಚಾಲೂ! ನಾ ಬಂದಾಗ ಈ ಕವರ್ ಎಲ್ಲಿರತಿತ್ರಿ?"

"ಮಾಸಿದ ಕವರ್ ಮಂದಿ ಮುಂದ ಹ್ಯಾಂಗ ಇಡೂದು? ನೀ ಬರೂದು ಕಂಡಕೂಡ್ಲೇ ತಗದಿಡತಿದ್ದೆ. ಹಾಕದಿದ್ರ ಧೂಳ ಕುಂದ್ರತೈತಲ್ಲೋ ತಮ್ಮಾ."

ಅಷ್ಟರಲ್ಲಿ ಹಾಲಸಿದ್ದಪ್ಪ ಒಳಗೆ ಬಂದರು. "ಸಿಕ್ತೇನೋ? ಏನಾಗಿತ್ತು ಕಡೀಕ?"

ಶೇಖವ್ವ ಕವರನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಮುಖ ಇಷ್ಟೇ ಇಷ್ಟಾಗಿತ್ತು. ಇದನ್ನು ಹೇಳಿದರೆ ಹೂವಪ್ಪನ ಬಾಯಿ ಜನ್ಮಕ್ಕೆ ಮುಚ್ಚುತ್ತಿತ್ತು. ದಾದಾಪೀರ ಟೆಸ್ಟರನ್ನು ಕಿಸೆಗೆ ಸೇರಿಸಿದ.

"ನಂದ ತಪ್ರಿ ಸಾವಕಾರ. ಒಂದು ಸ್ಕ್ರೂ ಸಡಲ ಬಿಟ್ಟಿದ್ದೆ."

ಹಾಲಸಿದ್ದಪ್ಪ ಹೊಟ್ಟೆ ಹಿಡಿದು ನಕ್ಕರು. ಸಂಜೆಯೊಳಗೆ ಊರೂ ನಕ್ಕಿತು.

ವಾರದ ಮೇಲೆ ದಾದಾಪೀರನ ಅಂಗಡಿಗೆ ಒಂದು ಗಂಟು ಬಂತು. ಬಿಚ್ಚಿದರೆ ಅವನ ಸಾಮಾನಿನ ಪೆಟ್ಟಿಗೆಗೆ ಅಳತೆ ತಪ್ಪದ ಹೊಸ ಕವರು, ಸುತ್ತಲೂ ಕೆಂಪು ಕುಚ್ಚು. ಅಯ್ಯಯ್ಯ, ಇದನ್ನು ಹಿಡಿದು ಪೇಟೆಯಲ್ಲಿ ತಿರುಗುವುದೇ? ತಿರುಗಿದ. ಹೂವಪ್ಪ ಕುಚ್ಚು ಹಿಡಿದೆಳೆದು ನಕ್ಕಾಗಲೆಲ್ಲ ಅವನ ಕೈ ಸರಿಸಿ, "ಧೂಳ ಕುಂದ್ರತೈತೋ" ಎನ್ನುತ್ತಿದ್ದ.