ಪದ್ದಕ್ಕನ ಕಾಡಿನ ಪರದೆ

ಆಗೆಲ್ಲ ನಮಗೆ ಬೇಸಿಗೆ ರಜ ಅಂದರೆ ಹುಣಸೆ ಬೀಜ. ನಂಜನಗೂಡಿನ ನಮ್ಮ ಬೀದಿಯ ಹೆಂಗಸರು ಜಗಲಿ ಮೇಲೆ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದರೆ, ನಾವು ಮಕ್ಕಳು ಸುತ್ತ ಕೂತು ಬೀಜಕ್ಕೆ ಕಿತ್ತಾಡುತ್ತಿದ್ದೆವು. ಅಳಗುಳಿ ಮಣೆಗೂ ಅದೇ, ಚೌಕಾಬಾರಕ್ಕೂ ಅದೇ, ಹುರಿದು ಬಾಯಿಗೆ ಹಾಕಿಕೊಳ್ಳುವುದಕ್ಕೂ ಅದೇ. ಹುರಿದ ಬೀಜ ಕೆನ್ನೆಯೊಳಗೆ ಸೇರಿತೆಂದರೆ ಮಧ್ಯಾಹ್ನವೆಲ್ಲ ಅಲ್ಲೇ ಇರುತ್ತಿತ್ತು. ಈಗಿನ ಮಕ್ಕಳ ಕೈಗೆ ಅದನ್ನು ಕೊಟ್ಟರೆ ಅವರಮ್ಮಂದಿರು ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ.

ಅಂಥ ಬೀಜವನ್ನೆಲ್ಲ ಒಂದು ಬೇಸಿಗೆಯಲ್ಲಿ ಪದ್ದಕ್ಕ ಬಾಚಿಕೊಂಡು ಹೋದರು.

ಪದ್ದಕ್ಕ ನಾಟಕದವರು. ತಿ. ನರಸೀಪುರದ ಕಡೆಯವರು. ಕಂಪನಿ ನಾಟಕಗಳಲ್ಲಿ ರಾಣಿ ಪಾತ್ರಕ್ಕೆ ಹೆಸರಾಗಿದ್ದವರು, ಕಂಪನಿ ಮುಚ್ಚಿದ ಮೇಲೆ ಸುತ್ತಲ ಹಳ್ಳಿಯ ಗಂಡಸರು ಆಡುವ ಪೌರಾಣಿಕ ನಾಟಕಗಳಿಗೆ ಹೋಗಿ ಹಾಡಿ ಬರುತ್ತಿದ್ದರು. ಆ ವರ್ಷ ನಮ್ಮ ಮನೆಯ ಹೊರಗಿನ ಕೋಣೆಗೆ ಬಾಡಿಗೆಗೆ ಬಂದರು. ನಾಟಕದವಳಿಗೆ ಮನೆ ಕೊಟ್ಟಿರಲ್ಲ ಎಂದು ಬೀದಿಯವರು ಮೂಗು ಮುರಿದಾಗ ಅವ್ವ, ಅವಳು ನಾಟಕ ಆಡುವುದು ಸ್ಟೇಜಿನ ಮೇಲೆ, ನೀವೆಲ್ಲ ಎಲ್ಲೆಲ್ಲಿ ಆಡುತ್ತೀರಿ ಅಂತ ನನಗೆ ಗೊತ್ತಿಲ್ಲವೇ ಎಂದು ಬಾಯಿ ಮುಚ್ಚಿಸಿದ್ದಳು. ಅವ್ವನ ಆ ಬಾಯಿ ನನಗೂ ಬಂದಿದೆ ಅನ್ನುತ್ತಾರೆ. ಬಂದಿದ್ದರೆ ಒಳ್ಳೆಯದೇ ಆಯಿತು.

ಬರುವಾಗಲೇ ಪದ್ದಕ್ಕನ ದನಿ ಒಡೆದಿತ್ತು. ಗಂಟಲಲ್ಲಿ ಗಂಟು ಎದ್ದಿದೆ, ಇನ್ನು ಹಾಡಿದರೆ ಮಾತೂ ಹೋಗುತ್ತದೆ ಎಂದು ಮೈಸೂರಿನ ಡಾಕ್ಟರು ಖಂಡಿತವಾಗಿ ಹೇಳಿದ್ದರಂತೆ. ಅವರು ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಹಾಗಾಗಿ ನಾವೂ ಅವರ ಹತ್ತಿರ ಪಿಸುಗುಡುತ್ತಿದ್ದೆವು. ನಮ್ಮಂಥ ಗಲಾಟೆ ಮಕ್ಕಳು ಅಷ್ಟು ಮೆಲ್ಲಗೆ ಮಾತಾಡಿದ್ದು ಅದೊಂದೇ ಬೇಸಿಗೆ.

ತೊಂದರೆ ಇದ್ದದ್ದು ಪಕ್ಕದ ಹದಿನಾರು ಎಂಬ ಊರಿನ ವೀಳ್ಯದಲ್ಲಿ. ದನಿ ಕೆಡುವ ಮುಂಚೆಯೇ ಆ ಊರಿನವರು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ರಾಣಿ ಪಾತ್ರಕ್ಕೆ ಕರೆದಿದ್ದರು, ಪದ್ದಕ್ಕ ಕೈನೀಡಿ ತೆಗೆದುಕೊಂಡಿದ್ದರು. ವೀಳ್ಯ ಹಿಡಿದ ಮೇಲೆ ಮುಗಿಯಿತು. ಜ್ವರ ಬರಲಿ, ಮನೆಯಲ್ಲಿ ಸಾವಾಗಲಿ, ಹೋಗಿ ಆಡಲೇಬೇಕು. ತಪ್ಪಿಸಿದವರನ್ನು ಆಮೇಲೆ ಯಾವ ಊರಿನವರೂ ಹತ್ತಿರ ಸೇರಿಸುವುದಿಲ್ಲ.

ಹದಿನಾರಿನ ನಾಟಕ ಆಡಿಸುತ್ತಿದ್ದವರು ಶಿವಬಸಪ್ಪನವರು. ಹಗಲು ಗದ್ದೆ ಕೆಲಸ, ರಾತ್ರಿ ರಾಜನ ಪಾತ್ರ. ಅವರು ಬಂದಾಗ ಪದ್ದಕ್ಕ ಒಂದು ಮಾತು ಮುಂದಿಟ್ಟರು. ರಾಣಿಗೆ ಮೈಸೂರಿನಿಂದ ಬೇರೆ ಹುಡುಗಿಯನ್ನು ಕರೆಸಿಕೊಳ್ಳಿ, ನಿಮ್ಮ ಕಾಡಿನ ಪರದೆ ಇಲಿ ತಿಂದು ಹಾಳಾಗಿದೆಯಲ್ಲ, ಹೊಸದನ್ನು ನಾನು ಬರೆದುಕೊಡುತ್ತೇನೆ. ಆ ಪರದೆ ಊರಿಗೆ ಒಪ್ಪಿಗೆಯಾದರೆ ನನ್ನ ವೀಳ್ಯ ತೀರಿತು, ಆಗದಿದ್ದರೆ ಬಂದು ಹಾಡುತ್ತೇನೆ, ಆದದ್ದಾಗಲಿ ಎಂದರು. ಕಂಪನಿಯಲ್ಲಿದ್ದಾಗ ಪರದೆ ಬರೆಯುವವರ ಹತ್ತಿರ ಬಣ್ಣ ಕಲೆಸುವುದನ್ನು ಕಲಿತಿದ್ದರು.

ಶಿವಬಸಪ್ಪನವರು ತಲೆ ಕೆರೆದುಕೊಂಡರು. “ಜನ ನೋಡಾಕ್ ಬರಾದು ನಿನ್ನ ಕಣವ್ವ, ಬಟ್ಟೇನಲ್ಲ” ಎಂದರು. ಆದರೂ ಆಗಲಿ ಎಂದು ಎದ್ದು ಹೋದರು.

ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ರೈಟರು. ಬೇಸಿಗೆಯಲ್ಲಿ ಗಿರಣಿಗೆ ಕೆಲಸ ಕಡಿಮೆ. ಭತ್ತ ಒಣಗಿಸುವ ಸಿಮೆಂಟಿನ ಕಣದ ಮೇಲೆ, ಗೋದಾಮಿನ ನೆರಳಿನಲ್ಲಿ ಬಟ್ಟೆ ಹಾಸಿದೆವು. ನಮ್ಮ ಹುಣಸೆ ಬೀಜವೆಲ್ಲ ಹುರಿದು, ಸಿಪ್ಪೆ ಸುಲಿದು, ನೆನೆಸಿ, ರುಬ್ಬಿ, ಕುದಿಸಿ ಬಣ್ಣಕ್ಕೆ ಅಂಟಾಯಿತು. ಆ ಅಂಟಿನ ವಾಸನೆ, ತೌಡಿನ ವಾಸನೆ, ಮಧ್ಯಾಹ್ನ ಅವ್ವ ಕಳಿಸುತ್ತಿದ್ದ ಮಜ್ಜಿಗೆ ಅನ್ನದ ಹುಳಿ, ಜೊತೆಗೆ ರಸಬಾಳೆಯ ಘಮ. ಪದ್ದಕ್ಕ ಬಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮೂಗು ತಾಗುವಷ್ಟು ಬಗ್ಗಿ ಬರೆಯುತ್ತಿದ್ದರು. ಅಬ್ಬಾ, ಏನು ಕಾಡು ಅದು! ಎಲೆ ಎಲೆಗೂ ನರ, ಕಾಂಡದ ಮೇಲೆ ಇರುವೆ ಸಾಲು, ಕೊಂಬೆಯ ಸಂದಿಯಲ್ಲಿ ಬಾಲ ಎತ್ತಿದ ಒಂದು ಅಳಿಲು. ಆ ಅಳಿಲು ನನ್ನದು ಎಂದು ನಾನು ಹೇಳಿಬಿಟ್ಟಿದ್ದೆ.

ಪರದೆ ನೋಡಲು ಶಿವಬಸಪ್ಪನವರು ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದರು. ಗೋದಾಮಿನ ಗೋಡೆಗೆ ಅದನ್ನು ಇಳಿಬಿಟ್ಟು, ಕಣದ ಆಚೆ ತುದಿಯಲ್ಲಿ ನಿಂತರು. ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಶಿವಬಸಪ್ಪನವರೇ ಹೇಳಿದರು.

“ಮರ ಎಲ್ಲದೆ ತಾಯಿ? ಪಾಚಿ ಕಟ್ಟಿದ್ ಗ್ವಾಡೆ ಅಂಗದಲ್ಲ.”

ಪದ್ದಕ್ಕ ಓಡಿಹೋಗಿ ಅವರ ಪಕ್ಕ ನಿಂತು ನೋಡಿದರು. ಅಷ್ಟು ವರ್ಷ ಪರದೆಗೆ ಬೆನ್ನು ಕೊಟ್ಟು ನಿಂತವರು ಅವರು. ಒಂದು ದಿನವಾದರೂ ಜನರ ನಡುವೆ ಕೂತು ಪರದೆಯನ್ನು ನೋಡಿದವರಲ್ಲ. ನರ, ಇರುವೆ, ಅಳಿಲು ಎಲ್ಲ ಸೇರಿ ದೂರಕ್ಕೆ ಬರೀ ಹಸಿರು ಕೆಸರಾಗಿತ್ತು.

ಶಿವಬಸಪ್ಪನವರು ಕೆಟ್ಟವರಲ್ಲ. ಎರಡೇ ಎರಡು ಪದ ಹಾಡಿಬಿಡು ಸಾಕು, ಊರಿಗೆ ಸಮಾಧಾನ ಆಗುತ್ತೆ ಎಂದು ಮೆತ್ತಗೇ ಹೇಳಿದರು. ಊಟದ ಬುಟ್ಟಿ ಹಿಡಿದು ಬಂದಿದ್ದ ಅವ್ವ ಸುಮ್ಮನಿರಲಿಲ್ಲ.

“ಎಲ್ಡು ಪದಕ್ಕೆ ಅವ್ಳ ದನಿ ಹೊಂಟೋದ್ರೆ, ನೀವು ತಂದ್ಕೊಡ್ತೀರಾ?”

ಶಿವಬಸಪ್ಪನವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. ನಾಟಕದ ದಿನದವರೆಗೆ ತಿದ್ದಿ ನೋಡಲಿ, ಆಗಲಿಲ್ಲ ಅಂದರೆ ಪದ್ದಕ್ಕನೇ ಬಂದು ಹಾಡಬೇಕು ಎಂದು ಹೇಳಿ ಹೋದರು.

ಸಂಜೆ ನಾನು ಕೋಣೆಗೆ ಇಣುಕಿದಾಗ ಪದ್ದಕ್ಕ ಮೇಕಪ್ಪಿನ ಟ್ರಂಕು ತೆಗೆದು ಕನ್ನಡಿ ಮುಂದೆ ಕೂತಿದ್ದರು. ಹಾಡುವುದಕ್ಕೆ ಹೊರಟೇಬಿಟ್ಟರು ಅಂದುಕೊಂಡೆ. ಅವರು ಒಂದೇ ಒಂದು ಕಣ್ಣಿಗೆ ದಪ್ಪಗೆ ಕಾಡಿಗೆ ಎಳೆದುಕೊಂಡು, ನನ್ನನ್ನು ಹಿತ್ತಲಿನ ಕೊನೆಗೆ ಕಳಿಸಿದರು. ಅಲ್ಲಿಂದ ಯಾವ ಕಣ್ಣು ಕಾಣುತ್ತದೆ ಎಂದು ಸನ್ನೆಯಲ್ಲೇ ಕೇಳಿದರು. ಕಾಡಿಗೆಯ ಕಣ್ಣು ಬೆಳಗ್ಗೆ ಅರಳಿದ ಹೂವಿನ ಹಾಗಿತ್ತು, ಇನ್ನೊಂದು ಇರಲೇ ಇಲ್ಲ. ಹತ್ತಿರ ಬಂದು ನೋಡಿದರೆ ಅದೇ ಕಣ್ಣು ದೆವ್ವದ್ದು. ನಾನು ಕಿರುಚಿಕೊಂಡೆ, ಪದ್ದಕ್ಕ ದನಿಯಿಲ್ಲದೆ ನಕ್ಕರು. ಅಷ್ಟು ಹೊತ್ತಿಗೆ ಅವರಿಗೆ ದಾರಿ ಸಿಕ್ಕಿಬಿಟ್ಟಿತ್ತು.

ಮರುದಿನ ದೀಪದ ಮಸಿ ಕಲೆಸಿ, ಪೊರಕೆಕಡ್ಡಿಯ ಕುಂಚ ಕಟ್ಟಿ, ಮರಗಳಿಗೆಲ್ಲ ಕಾಡಿಗೆ ಹಚ್ಚತೊಡಗಿದರು. ಕಾಂಡಕ್ಕೆ ಕಪ್ಪು ಅಂಚು, ಬಿಸಿಲು ಬೀಳುವ ಕಡೆ ಹಳದಿ ಬಳಿದದ್ದೇ ಬಳಿದದ್ದು. ಇರುವೆಗಳು ಹೋದವು. ಅಳಿಲಿನ ಮೇಲೆ ಕಪ್ಪು ಬಂದಾಗ ನಾನು ಅಳುತ್ತಾ ಕೂತೆ. ಪದ್ದಕ್ಕ ಕುಂಚ ಕೆಳಗಿಟ್ಟು ನನ್ನ ಕೆನ್ನೆ ಒರೆಸಿದರು.

“ಅಳಿಲು ನಿಂಗೊಬ್ಬಳಿಗೇ ಕಾಣ್ತದೆ ಕಣೆ. ಕಡೇಲಿ ಕೂತಿರೋ ಮುದುಕಿಗೆ ಕಾಡು ಬ್ಯಾಡ್ವಾ?”

ನಾಟಕದ ದಿನ ನಾವೆಲ್ಲ ಹದಿನಾರಿಗೆ ಹೋದೆವು. ಪದ್ದಕ್ಕ ಟ್ರಂಕನ್ನೂ ಹೊತ್ತು ತಂದಿದ್ದರು, ಪರದೆ ಹಿಡಿಸದಿದ್ದರೆ ಹಾಡುವುದಾಗಿ ಮಾತು ಕೊಟ್ಟಿದ್ದರಲ್ಲ. ಸೈಡ್ ವಿಂಗಿನ ಮರೆಯಲ್ಲಿ ನನ್ನ ಕೈ ಹಿಡಿದುಕೊಂಡು ನಿಂತರು. ಮೈಸೂರಿನ ಹುಡುಗಿ ರಾಣಿಯಾಗಿ ಬರುವ ಮುಂಚೆ, ಊರಿನ ಹುಡುಗರು ಹಗ್ಗ ಸಡಿಲಿಸಿ ಕಾಡನ್ನು ಇಳಿಸಿದರು.

ಚಪ್ಪರದಲ್ಲಿ ಕೂತವರು ಕತ್ತು ಉದ್ದ ಮಾಡಿದರು. ಎಲ್ಲೋ ಹಿಂದಿನಿಂದ ಯಾರೋ ‘ಒನ್ಸ್ ಮೋರ್’ ಅಂದರು. ನಮ್ಮ ಕಡೆ ಹಾಡು ಹಿಡಿಸಿದರೆ ಜನ ಹಾಗೆ ಕೂಗಿ ಮತ್ತೆ ಹಾಡಿಸುತ್ತಾರೆ. ಬಟ್ಟೆಗೆ ಯಾರೂ ಕೂಗಿದ್ದಿಲ್ಲ. ಕೂಗು ಚಪ್ಪರದ ತುಂಬ ಹಬ್ಬಿತು. ರಾಜನ ಕಿರೀಟ ಇಟ್ಟುಕೊಂಡೇ ಓಡಿ ಬಂದ ಶಿವಬಸಪ್ಪನವರು ಪರದೆಯನ್ನು ಸುತ್ತಿಸಿ ಮೇಲೇರಿಸಿದರು.

ಅಷ್ಟರಲ್ಲಿ ಪದ್ದಕ್ಕ ನನ್ನ ಕೈ ಬಿಟ್ಟಿದ್ದರು. ಸೆರಗು ಸರಿಮಾಡಿಕೊಂಡು, ತಲೆಯೆತ್ತಿ, ಬೆಳಕಿನ ಕಡೆಗೆ ಹೆಜ್ಜೆ ಇಟ್ಟೇಬಿಟ್ಟಿದ್ದರು. ಅಷ್ಟು ವರ್ಷ ಆ ಕೂಗಿಗೆ ಹೋಗಿ ನಿಂತವರಲ್ಲವೇ, ಕಾಲು ತಾನೇ ಎದ್ದಿತ್ತು. ಮುಂದೆ ಕಾಡು ಎರಡನೇ ಸಲ ಇಳಿಯಿತು. ಅವರು ಅಲ್ಲೇ ನಿಂತರು.

“ನನ್ನನ್ನಲ್ಲ ಕಣೆ ಅವರು ಕರೀತಿರೋದು” ಎಂದರು. ವೀಳ್ಯ ತೀರಿತ್ತು, ದನಿ ಉಳಿದಿತ್ತು. ಆದರೂ ಅವರು ಟ್ರಂಕಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಗೆದ್ದ ಮೇಲೂ ಯಾಕೆ ಅಳುತ್ತಾರೆ ಎಂದು ನನಗೆ ಆಗ ಗೊತ್ತಾಗಲಿಲ್ಲ.

ಮುಂದೆ ಪದ್ದಕ್ಕ ಕುಂಚದಿಂದಲೇ ಬದುಕಿದರು. ಹೆಮ್ಮರಗಾಲ, ಮುಡುಕುತೊರೆ, ಸುತ್ತಲ ಊರಿನವರೆಲ್ಲ ಪರದೆ ಬರೆಸಿದರು. ವಯಸ್ಸಾದ ಮೇಲೆ ಮನೆಯಲ್ಲೇ ಕೂತು ಸಣ್ಣ ಸಣ್ಣ ಚಿತ್ರ ಬರೆದರು, ಮೈಸೂರಿನಲ್ಲಿ ಪ್ರದರ್ಶನವೂ ಆಯಿತು, ಪೇಪರಿನವರು ಚಿತ್ರ ಕಲಾವಿದೆ ಅಂತ ಬರೆದರು. ಹೋದ ವರ್ಷ ತೀರಿಕೊಂಡರು. ಗಿರಣಿಯ ಕಣದಲ್ಲಿ ಈಗ ಕಲ್ಯಾಣ ಮಂಟಪ ಎದ್ದಿದೆ. ಹಳ್ಳಿ ನಾಟಕಗಳಿಗೆ ಕಾಡು ಫ್ಲೆಕ್ಸಿನ ಅಂಗಡಿಯಲ್ಲಿ ಪ್ರಿಂಟಾಗಿ ಬರುತ್ತದೆ.

ಅವರ ತಿಥಿಗೆ ಹೋದಾಗ ಹದಿನಾರಿನ ಒಬ್ಬ ಅಜ್ಜಿ, ಅವಳ ಪದ ಕೇಳಿದ ಕಿವಿಗೆ ಇನ್ಯಾವ ಪದವೂ ರುಚಿಸಲಿಲ್ಲ ಕಣವ್ವ, ನೀನು ಜೊತೆಯಲ್ಲೇ ಇದ್ದವಳು, ಬೇಕಾದಷ್ಟು ಕೇಳಿದ್ದೀಯ, ಪುಣ್ಯವಂತೆ ಎಂದಳು. ನಾನು ಹೂಂ ಎಂದೆ. ನನ್ನ ಹತ್ತಿರ ಪದ್ದಕ್ಕ ಬರೆದುಕೊಟ್ಟ ಚಿತ್ರಗಳು ಗೋಡೆ ತುಂಬ ಇವೆ. ಅವರು ಹಾಡಿದ್ದನ್ನು ಮಾತ್ರ ನಾನು ಒಂದು ಸಲವೂ ಕೇಳಲಿಲ್ಲ.