ಒಂದು ಗೆರಟೆ ಶೇಡಿ

ಒಣಗಿದ ಶೇಡಿಮಣ್ಣಿಗೆ ನೀರು ಬಿದ್ದಾಗ ಏಳುವ ವಾಸನೆಯೇ ಬೇರೆ. ಸ್ವಲ್ಪ ಕೆಸರು, ಸ್ವಲ್ಪ ಬಾವಿಕಟ್ಟೆ. ಮೊನ್ನೆ ಬಸ್ರೂರಿನ ನಮ್ಮ ಶಾಲೆಯ ಜಗಲಿಯಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ನಾನು ಬಿಜೂರಿನ ಅಮ್ಮಮ್ಮನ ಹೊಸ್ತಿಲ ಬುಡದಲ್ಲಿದ್ದೆ.

ಅಮ್ಮಮ್ಮ ಮೀನು ಮಾರುವವಳು. ಬಾಯಿ ಜೋರು, ಅವಳ ಹತ್ತಿರ ಚೌಕಾಸಿ ಮಾಡಿ ಗೆದ್ದವರಿಲ್ಲ. ಆದರೆ ಮಳೆಗಾಲದ ಸೋಣೆ ತಿಂಗಳಲ್ಲಿ ಹೊಸ್ತಿಲ ಪೂಜೆ ಮುಗಿಯದೆ ಬುಟ್ಟಿ ಮುಟ್ಟುತ್ತಿರಲಿಲ್ಲ. ಕೆಮ್ಮಣ್ಣು ಸಾರಿಸಿದ ಹೊಸ್ತಿಲ ಮೇಲೆ, ನೀರಲ್ಲಿ ಕದಡಿದ ಬಿಳಿ ಶೇಡಿಯನ್ನು ಬೆರಳಲ್ಲಿ ಅದ್ದಿ ಗೆರೆ ಎಳೆಯುವಾಗ ಆ ಬಾಯಿ ತೆಪ್ಪಗಿರುತ್ತಿತ್ತು. ಶೇಡಿ ಸಿಗುತ್ತಿದ್ದುದು ಗದ್ದೆಯಾಚೆ ಹರಿಯುತ್ತಿದ್ದ ತೋಡಿನ ದಂಡೆಯಲ್ಲಿ. ವರ್ಷಕ್ಕೆ ಒಂದೇ ತೆಂಗಿನ ಗೆರಟೆ ತುಂಬ ತರುವುದು ಅವಳ ಕ್ರಮ. ಒಮ್ಮೆ ಮುಂಬೈಯಿಂದ ರಜೆಗೆ ಬಂದ ಮಾವ, ತಾಯಿಗೆ ಉಪಕಾರವಾಗಲಿ ಎಂದು ಗೋಣಿ ತುಂಬ ಅಗೆದು ತಂದು ಅಂಗಳದಲ್ಲಿ ಇಳಿಸಿದ.

"ಹ್ವಾಯ್, ಎಂತ ಇದ್?"

"ನೀನ್ ವರ್ಷ ವರ್ಷ ಹೋಪುದ್ ಬ್ಯಾಡ ಅಂದೇಳಿ ತಂದೆ, ಅಮ್ಮಾ."

"ತೋಡಲ್ಲಿದ್ರೆ ಅದಕ್ಕೆ ಜೀವ ಇತ್ತ್ ಮಾರಾಯಾ, ನಮ್ ಅಟ್ಟದಲ್ಲಿದ್ರೆ ಬರೀ ಧೂಳ್. ಒಂದ್ ಗೆರಟೆ ಸಾಕ್. ಬಪ್ಪ ವರ್ಷಕ್ಕೂ ಬೇಕಲೆ?"

ಒಂದು ಗೆರಟೆ ತೆಗೆದಿಟ್ಟುಕೊಂಡು ಉಳಿದದ್ದನ್ನು ಅವನ ತಲೆ ಮೇಲೆಯೇ ವಾಪಸು ಹೊರಿಸಿದಳು. ಪಾಪ, ಇಸ್ತ್ರಿ ಮಾಡಿದ ಅಂಗಿ! ದಾರಿಯುದ್ದಕ್ಕೂ ಗೊಣಗಿದ ಮಾವ, ಸಂಜೆ ಅವಳು ಕರಿದುಕೊಟ್ಟ ಬಂಗುಡೆ ತಿಂದು ಎಲ್ಲ ಮರೆತ.

ಈಗ ಅಮ್ಮಮ್ಮ ಇಲ್ಲ. ತೋಡನ್ನು ಸೈಟಿಗೆಂದು ಮಣ್ಣು ತುಂಬಿ ಮುಚ್ಚಿದ್ದಾರೆ. ಅದರ ಮೇಲೆ ಕಾಂಪೌಂಡು ಎದ್ದಿದೆ. ಮನೆ ಕೆಡವುವಾಗ ಅಟ್ಟದಲ್ಲಿ ಸಿಕ್ಕ ಅವಳ ಕೊನೆಯ ಗೆರಟೆ ಶೇಡಿಯನ್ನು ನಾನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೆ. ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ನಾನು ಚಿತ್ರಕಲೆಯ ಟೀಚರು. ನಮ್ಮೂರ ಮಣ್ಣು ನೀರಿನ ಬಗ್ಗೆ ಮಕ್ಕಳಿಗೆ ಅಕ್ಕರೆ ಹುಟ್ಟಲಿ ಎಂದು, ಈ ಸಲ ಶಾಲೆಯ ಗೋಡೆಗೆ ಅಂಗಡಿಯ ಬಣ್ಣ ಬೇಡವೆಂದೆ. ಗುಡ್ಡದ ಕೆಮ್ಮಣ್ಣು, ಸುಟ್ಟ ಗೆರಟೆಯ ಮಸಿ, ಅರಸಿನ, ಬಸಳೆ ಹಣ್ಣಿನ ರಸ ಎಲ್ಲ ಬಂತು. ಮಕ್ಕಳು ಬರೆದದ್ದು ತೋಡು, ಅದರ ದಂಡೆಯ ಕೊಕ್ಕರೆ. ಕೊಕ್ಕರೆಗೆ ಬಿಳಿಯೇ ಇರಲಿಲ್ಲ. ಎರಡು ದಿನ ಮನಸ್ಸು ಹಿಂದೆಮುಂದೆ ಆಡಿತು. ಕೊನೆಗೆ ಅಮ್ಮಮ್ಮ ಆಡಿದ ಅಟ್ಟದ ಧೂಳಿನ ಮಾತು ನೆನಪಾಗಿ ಗೆರಟೆಯನ್ನು ತಂದು, ನಾನೇ ನೀರು ಹೊಯ್ದೆ.

ಕೊಕ್ಕರೆ ಗೋಡೆಯ ಮೇಲೆ ಬೆಳ್ಳಗೆ ಎದ್ದು ನಿಂತಿತು. ಕೈಯೆಲ್ಲ ಬಿಳಿ ಮಾಡಿಕೊಂಡ ಆರನೆಯ ತರಗತಿಯ ಹುಡುಗಿ ಖಾಲಿ ಗೆರಟೆಯೊಳಗೆ ಇಣುಕಿ ಕೇಳಿದಳು:

"ಟೀಚರೇ, ಬಪ್ಪ ವರ್ಷಕ್ಕೆ ಶೇಡಿ ಎಲ್ಲಿಂದ ತರುದ್?"

ಸಂಜೆ, ತಳದಲ್ಲಿ ಬಿಳಿ ಅಂಟಿದ್ದ ಗೆರಟೆಯನ್ನು ತೊಳೆಯದೆ ಮನೆಗೆ ತಂದೆ.